ಮೂರು ಅಮಾವಾಸ್ಯೆ ತಪ್ಪಿಸಿದವನು

ನನಗೊಂದು ಚಟವಿದೆ. ಅಂಗಡಿಯಿಂದ ಪೊಟ್ಟಣ ತಂದರೆ ಒಳಗಿನದನ್ನು ಕೈಗೆ ಸಿಕ್ಕಿದ ಪಾತ್ರೆಗೆ ಸುರಿದು, ಕಾಗದವನ್ನು ಮಂಡಿಯ ಮೇಲೆ ಉಜ್ಜಿ ಸಪಾಟು ಮಾಡಿ ಓದುತ್ತೇನೆ. ಸಾಸಿವೆ ಇರಬೇಕಾದ ಡಬ್ಬಿಯಲ್ಲಿ ಜೀರಿಗೆ, ಜೀರಿಗೆ ಇರಬೇಕಾದಲ್ಲಿ ಮೆಂತ್ಯ ಸೇರಿರುವುದಕ್ಕೆ ಇದೇ ಕಾರಣ. ಇವತ್ತಿನ ಪೇಪರು ಬಾಗಿಲಲ್ಲಿ ಬಿದ್ದಿರುತ್ತದೆ, ಇವಳಿಗೆ ಹೋದ ವರ್ಷದ್ದೇ ಬೇಕು ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ. ಈಚೆಗೆ ಪ್ಲಾಸ್ಟಿಕ್ ಚೀಲಗಳು ಬಂದು ನನ್ನ ಓದಿಗೆ ಕಲ್ಲು ಹಾಕಿವೆ. ಆದರೂ ಮೊನ್ನೆ ಹುರಿಗಡಲೆ ಸುತ್ತಿಕೊಟ್ಟ ಕಾಗದದಲ್ಲಿ ಅರ್ಧ ಹರಿದ ಶ್ರದ್ಧಾಂಜಲಿಯೊಂದು ಸಿಕ್ಕಿತು. ಹೆಸರಿನ ಭಾಗವೇ ಇರಲಿಲ್ಲ, ಗುಣಗಾನ ಮಾತ್ರ ಉಳಿದಿತ್ತು. ಪಾಪ ಯಾರೋ ಒಳ್ಳೆಯವರು ಹೋದರು ಎಂದು ನೀವಾದರೆ ಮರುಗುತ್ತಿದ್ದಿರಿ. ನಾನು ಅಂಥ ಸುದ್ದಿಯನ್ನು ಅರ್ಧ ಮಾತ್ರ ನಂಬುವವಳು. ಯಾಕೆ ಎನ್ನುವುದನ್ನು ಹೇಳಬೇಕಾದರೆ ನಮ್ಮ ಅಜ್ಜಿಯಿಂದ ಶುರು ಮಾಡಬೇಕು.

ಅಜ್ಜಿ ಎಂದರೆ ಅಪ್ಪನ ತಾಯಿ, ಸಿದ್ದಮ್ಮ. ಹೊಳಲ್ಕೆರೆಯಿಂದ ಎರಡು ಹರದಾರಿಯ ಹಳ್ಳಿಯಲ್ಲಿ ಕುರಿಹಟ್ಟಿಯ ಪಕ್ಕದಲ್ಲೇ ನಮ್ಮ ಮನೆ. ತಾತ ಮಗ್ಗದ ಮುಂದೆ ಕೂತು ಕಂಬಳಿ ನೇಯುತ್ತಿದ್ದರಂತೆ, ನಾನು ಹುಟ್ಟುವ ಮೊದಲೇ ಹೋದರು. ವರ್ಷಕ್ಕೊಮ್ಮೆ ಮಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿದಾಗ ತಾತನಿಗೊಂದು ಎಲೆ, ಮುತ್ತಾತ ಮುತ್ತಜ್ಜಿಗೆ ಒಂದೊಂದು ಎಲೆ, ಕೊನೆಯದಾಗಿ ಗೋಡೆಯ ಪಕ್ಕಕ್ಕೆ ಬೀರಜ್ಜನ ಎಲೆ. ಬೀರಜ್ಜ ಅಜ್ಜಿಯ ಒಬ್ಬನೇ ತಮ್ಮ, ಬೀರಪ್ಪ, ಅಕ್ಕನ ಜೊತೆ ನಮ್ಮ ಮನೆಯಲ್ಲೇ ಇದ್ದವನು. ಅಪ್ಪನಿಗೆ ಸೋದರಮಾವ. ಅವನ ಎಲೆಗೆ ಮುದ್ದೆ, ಹುರುಳಿ ಸಾರು, ಒಂದು ಕಟ್ಟು ಬೀಡಿ, ಮಡಿಸಿದ ಹೊಸ ಟವೆಲು. ಎಡೆ ಇಟ್ಟು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿದ್ದವರು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದರು.

ಆ ಸ್ವಲ್ಪ ಹೊತ್ತು ನಾನು ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದೆ. ಒಂದು ವರ್ಷ ಒಳಗಿನಿಂದ ಕಟಕಟ ಸದ್ದು ಕೇಳಿ, ಮುತ್ತಾತ ಚಕ್ಕಲಿ ತಿನ್ನುತ್ತಿದ್ದಾನೆ ಎಂದು ಕೇರಿಗೆಲ್ಲ ಸಾರಿ ಬಂದಿದ್ದೆ. ಮುತ್ತಾತನಿಗೆ ಹಲ್ಲೇ ಇರಲಿಲ್ಲ ಎಂದು ಅಪ್ಪ ಆಮೇಲೆ ಹೇಳಿದರು. ಮಾಡಿನ ಇಲಿಗೆ ಆ ವರ್ಷ ಒಳ್ಳೆಯ ಹಬ್ಬ. ಟವೆಲು ಮಾತ್ರ ಪ್ರತಿವರ್ಷ ಅಪ್ಪನ ಹೆಗಲಿಗೆ ಬರುತ್ತಿತ್ತು, ಹಾಗಾಗಿ ನಮ್ಮಪ್ಪ ತಮ್ಮ ಆಯುಷ್ಯದಲ್ಲಿ ಟವೆಲನ್ನೇ ಕೊಂಡವರಲ್ಲ.

ಎಡೆಯ ಅಡುಗೆಯನ್ನು ರುಚಿ ನೋಡುವ ಹಾಗಿಲ್ಲ ಎಂಬುದು ನಿಮಗೂ ಗೊತ್ತಿರುತ್ತದೆ. ಅಜ್ಜಿಗೆ ಇದೊಂದು ಕಷ್ಟ. ಸಾರು ಇಳಿಸುವಾಗಲೆಲ್ಲ ಅವಳದು ಅದೇ ಮಾತು, "ಉಪ್ಪು ಹೆಂಗೈತೋ ಏನೋ. ಉಂಡೋರು ಬಂದು ಹೇಳ್ತಾರಾ?"

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬಿ.ಎ. ಮುಗಿಸಿ, ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿಕೊಂಡು, ಚಿತ್ರದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಸುಮ್ಮನೆ ಕೂರುವುದೇಕೆಂದು ಅಲ್ಲಿಯ ಒಂದು ವಾರಪತ್ರಿಕೆಯ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಲು ಸೇರಿಕೊಂಡೆ. ನಾಲ್ಕು ಪುಟದ ಪತ್ರಿಕೆ. ಮೊದಲ ಪುಟದಲ್ಲಿ ದೇಶ, ಎರಡರಲ್ಲಿ ಅಡಿಕೆ ಧಾರಣೆ, ಮೂರರಲ್ಲಿ ಮದುವೆ ಮುಂಜಿ, ನಾಲ್ಕರಲ್ಲಿ ಸಾವು ಮತ್ತು ಹಲ್ಲುಪುಡಿಯ ಜಾಹೀರಾತು. ಎಡಿಟರ್ ಎಪ್ಪತ್ತು ದಾಟಿದವರು, ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರು. ನನ್ನ ಪ್ರೂಫಿನ ಮೇಲೆ ಅವರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ. ಸೇರಿದ ತಿಂಗಳಲ್ಲೇ ನಾನು ಒಬ್ಬ ವಧುವನ್ನು ಅವಳ ಮಾವನಿಗೇ ಮದುವೆ ಮಾಡಿಸಿ ಅಚ್ಚಿಗೆ ಕಳಿಸಿದ್ದೆ.

ರಜಕ್ಕೆ ಊರಿಗೆ ಹೋದಾಗ ಅಜ್ಜಿ ನನ್ನ ಕೆಲಸದ ಬಗ್ಗೆ ಬಿಡಿಸಿ ಬಿಡಿಸಿ ಕೇಳಿದಳು. ಹಳೆಯ ಪೇಪರುಗಳನ್ನು ಇಟ್ಟಿರುತ್ತಾರಾ, ಎಷ್ಟು ಹಳೆಯವು ಎಂದಳು. ಆಮೇಲೆ ಹಟ್ಟಿಯ ಕಡೆ ಕರೆದುಕೊಂಡು ಹೋಗಿ, ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರದ ಮಾತು ಹೇಳಿದಳು.

ಅಜ್ಜಿಗೊಂದು ಟಗರು ಇತ್ತಂತೆ. ತಾಯಿ ಸತ್ತ ಮರಿ, ಅಂಬಲಿ ಕುಡಿಸಿ ಸಾಕಿದ್ದು, ಹೊಸ್ತಿಲ ಮೇಲೇ ಮಲಗುತ್ತಿತ್ತು. ಬೀರಜ್ಜ ಕುರಿ ಹೊಡೆದುಕೊಂಡು ಜೋಗಿಮಟ್ಟಿಯ ತಪ್ಪಲಿಗೆ ಹೋದವನು ಮರದಡಿಯಲ್ಲಿ ನಿದ್ದೆ ಹೋಗಿದ್ದಾನೆ, ಚಿರತೆ ಬಂದು ಆ ಟಗರನ್ನೇ ಒಯ್ದಿದೆ. ಸಾಯಂಕಾಲ ಕಣ್ಣುಜ್ಜುತ್ತಾ ಬಂದ ತಮ್ಮನಿಗೆ ಅಜ್ಜಿ, ಟಗರಿನ ಬದಲು ನಿನ್ನನ್ನೇ ಒಯ್ದಿದ್ದರೆ ಆಗುತ್ತಿತ್ತು ಎಂದುಬಿಟ್ಟಳು. ಬೆಳಿಗ್ಗೆ ಅವನು ತನ್ನ ಪಾಲಿನ ಕುರಿ ಬೇರೆ ಮಾಡಿಕೊಂಡು, ಕಂಬಳಿ ಹೆಗಲಿಗೆ ಹಾಕಿ ಹೋದ. ನಾಲ್ಕು ತಿಂಗಳಿಗೆ ಪೇಪರಿನಲ್ಲಿ ಅವನು ಸತ್ತ ಸುದ್ದಿ ಬಂತು. ಊರಿನ ಮೇಷ್ಟರು ಓದಲು ಶುರು ಮಾಡಿದರು, ಮೊದಲ ಸಾಲಿಗೇ ಅಜ್ಜಿ ಗೋಳಿಟ್ಟಳು, ಅವರು ಅಲ್ಲಿಗೇ ನಿಲ್ಲಿಸಿ ಪೇಪರು ಮಡಿಸಿದರು. ಅವನು ಸೇರಿದ್ದ ಕುರಿಗಾರರ ಸಂಘದಿಂದ ಒಂದು ಕರಿ ಕಂಬಳಿ ಬಂತು. ಆ ಕಂಬಳಿ ಮೂವತ್ತು ವರ್ಷದಿಂದ ತೊಲೆಯ ಮೇಲೆ ಮಡಿಸಿದಂತೆಯೇ ಇತ್ತು. ಅದನ್ನು ಮುಟ್ಟಿದ್ದಕ್ಕೆ ಚಿಕ್ಕಂದಿನಲ್ಲಿ ನನಗೆ ಏಟು ಬಿದ್ದಿದ್ದು ಯಾಕೆಂದು ಆವತ್ತು ತಿಳಿಯಿತು.

"ಎಂಗೆ ಸತ್ತ, ಎಲ್ಲಿ ಸತ್ತ, ಅದ್ರಾಗ ಬರ್ದಿರ್ತಾರೇನವ್ವ?" ಎಂದಳು ಅಜ್ಜಿ. "ಜ್ವರ ಬಂದು ಸತ್ತಿದ್ರೆ ದೇವರು ಮಾಡಿದ್ದು. ಚಿರತೆ ಹಿಡಿದಿದ್ರೆ ನನ್ನ ನಾಲಗೇನೇ ಅವನ್ನ ತಿಂದಿದ್ದು. ಸಾಯೋದ್ರೊಳಗೆ ಅದೊಂದು ತಿಳ್ಕಬೇಕು."

ಯಾವಾಗಲೂ ನನ್ನನ್ನು ಗದರಿಸಿಯೇ ಮಾತಾಡುವ ಅಜ್ಜಿ, ಆವತ್ತು ಬೇಡಿಕೊಂಡಳು. ಹುಡುಕಿ ತರುತ್ತೇನೆ ಎಂದು ಮಾತು ಕೊಟ್ಟೆ.

ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಹಳೆಯ ಸಂಪುಟಗಳಿದ್ದವು. ಎಡಿಟರು ಬೀಗದ ಕೈ ಕೊಡುತ್ತಾ ಗೆದ್ದಲು ಓದಿ ಬಿಟ್ಟಿದ್ದನ್ನು ನೀನು ಓದಮ್ಮ ಎಂದರು. ಮಧ್ಯಾಹ್ನದ ಊಟದ ವಿರಾಮವನ್ನೆಲ್ಲ ಅಲ್ಲೇ ಕಳೆದೆ. ನಾನು ಹುಡುಕುವುದಕ್ಕಿಂತ ದಾರಿ ತಪ್ಪುತ್ತಿದ್ದುದೇ ಹೆಚ್ಚು. ಭೀಮಸಮುದ್ರದ ಯಾರದೋ ಕಳೆದುಹೋದ ಎತ್ತಿನ ವರ್ಣನೆಯನ್ನು ಮೂರು ವಾರ ಹಿಂಬಾಲಿಸಿ, ಅದು ಸಿಕ್ಕಿತೆಂದು ನಾಲ್ಕನೇ ವಾರ ಓದಿ ನಿಟ್ಟುಸಿರು ಬಿಟ್ಟೆ. ಹೀಗೆ ಹದಿನೈದು ದಿನ ಕಳೆದ ಮೇಲೆ ಬೀರಜ್ಜ ಸಿಕ್ಕಿದ. "ಮಿತಭಾಷಿಗಳೂ, ಸಂಘದ ಹಿತೈಷಿಗಳೂ, ಎಂದೂ ಯಾರ ಮೇಲೂ ಕೈಯೆತ್ತದವರೂ ಆದ ಶ್ರೀ ಬೀರಪ್ಪನವರು ನಮ್ಮನ್ನಗಲಿದ್ದಾರೆ." ಅಷ್ಟೇ. ಚಿರತೆಯೂ ಇಲ್ಲ, ಜ್ವರವೂ ಇಲ್ಲ.

ನಿರಾಸೆಯಿಂದ ಪುಟ ತಿರುವಿದೆ. ನಾಲ್ಕು ವಾರದ ನಂತರ ಅದೇ ಸಂಘದ ಕರಿಯಣ್ಣ ಎನ್ನುವವರೂ ತೀರಿಕೊಂಡಿದ್ದರು. ಅವರೂ ಮಿತಭಾಷಿಗಳು, ಅವರೂ ಕೈಯೆತ್ತದವರು. ಹಿಂದಕ್ಕೆ ಹೋದರೆ ಇನ್ನಷ್ಟು ಜನ, ಎಲ್ಲರದೂ ಅದೇ ಗುಣ. ಕುರಿ ಕಾಯುವವರು ಗಲಾಟೆ ಮಾಡದೆ ಬದುಕುವವರಲ್ಲ, ನಮ್ಮ ಮನೆಯನ್ನು ನೋಡಿಯೇ ನಾನು ಇದನ್ನು ಹೇಳಬಲ್ಲೆ. ಎಡಿಟರನ್ನು ಕೇಳಿದರೆ ಅವರು ಸಂಕೋಚವೇ ಇಲ್ಲದೆ ನಕ್ಕರು. ಆ ಸಾಲು ಒಮ್ಮೆ ಜೋಡಿಸಿ, ದಾರ ಸುತ್ತಿ ಎತ್ತಿಟ್ಟ ಅಚ್ಚಿನ ಮೊಳೆಗಳು. ಸಂಘದವರು ಹೆಸರು ಕಳಿಸಿದರೆ ಹೆಸರು ಮತ್ತು ಊರು ಮಾತ್ರ ಬದಲಾಯಿಸಿ ಅಚ್ಚು ಹಾಕುತ್ತಿದ್ದರಂತೆ. ಹೆಚ್ಚಿಗೆ ಬೇಕಾದರೆ ಹೊಳಲ್ಕೆರೆಯಲ್ಲಿ ಸಂಘದ ಕಾರ್ಯದರ್ಶಿಯಾಗಿದ್ದ ರುದ್ರಪ್ಪ ಮೇಷ್ಟರಿದ್ದಾರೆ, ಹೋಗಿ ಕೇಳು ಎಂದರು.

ಸಂಘ ನಿಂತು ವರ್ಷಗಳಾಗಿದ್ದವು. ಮೇಷ್ಟರು ಜಗುಲಿಯಲ್ಲಿ ಕುಳ್ಳಿರಿಸಿ ಮಜ್ಜಿಗೆ ಕೊಟ್ಟು, ಒಳಗಿನಿಂದ ಒಂದು ಟ್ರಂಕು ಎಳೆದು ತಂದರು. ಅದರ ತುಂಬ ಉಣ್ಣೆಯ ಹುರಿಗಳು, ಒಂದೊಂದರಲ್ಲೂ ಸಾಲುಸಾಲು ಗಂಟು. ಓದುಬರಹ ಬಾರದ ಕುರಿಗಾರರ ಹಾಜರಿ ಪುಸ್ತಕ ಅದು. ಸಂಘ ಸೇರಿದವನಿಗೆ ಗೋಡೆಯ ಮೊಳೆಯಲ್ಲಿ ಒಂದು ಹುರಿ. ಪ್ರತಿ ಅಮಾವಾಸ್ಯೆಯ ಕೂಟಕ್ಕೆ ಬಂದವನು ತನ್ನ ಹುರಿಗೆ ತಾನೇ ಒಂದು ಗಂಟು ಹಾಕಬೇಕು, ಬರಲಾಗದಿದ್ದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸಬೇಕು. ಸುದ್ದಿಯೇ ಇಲ್ಲದೆ ಮೂರು ಅಮಾವಾಸ್ಯೆ ತಪ್ಪಿದರೆ ಹುರಿ ಇಳಿಸಿ, ಸತ್ತನೆಂದು ಬರೆದುಕೊಂಡು, ಪೇಪರಿಗೆ ತಿಳಿಸಿ, ಮನೆಗೆ ಕಂಬಳಿ ಕಳಿಸುತ್ತಿದ್ದರು.

ಕುರಿ ಹೊಡೆದುಕೊಂಡು ಹೋದವರು ಆರಾರು ತಿಂಗಳು ಬರುವುದೇ ಇಲ್ಲವಲ್ಲ ಎಂದೆ. ಹೌದು, ಅರ್ಧಕ್ಕರ್ಧ ಜನ ವಾಪಸು ಬರುತ್ತಿದ್ದರು ಎಂದರು ಮೇಷ್ಟರು, ಅದರಲ್ಲಿ ಆಶ್ಚರ್ಯವೇನು ಎನ್ನುವ ಹಾಗೆ. ಬಂದವನು ಎಲ್ಲರಿಗೂ ಒಂದು ಊಟ ಹಾಕಬೇಕು, ಅದಕ್ಕೆ ಎದ್ದು ಬಂದವರ ಊಟ ಎಂದೇ ಹೆಸರು. ಸಂಘದ ಮುಖ್ಯ ಕಾರ್ಯಕ್ರಮ ಅದೇ ಆಗಿತ್ತು ಎನ್ನುವುದು ನನ್ನ ಅನುಮಾನ.

"ಇಷ್ಟು ಅವಸರ ಯಾಕೆ ಮಾಡ್ತಿದ್ರಿ ಮೇಷ್ಟ್ರೇ?"

"ತಡ ಮಾಡಿದ್ರೆ, ನಿಜವಾಗ್ಲೂ ಸತ್ತೋನ ಮನೇಯೋರು ಚಳಿಯಾಗ ಕುಂತಿರ್ತಾರಲ್ಲವ್ವ. ಬದುಕಿರೋನ ಮನೆಗೆ ಒಂದು ಕಂಬಳಿ ಹೆಚ್ಚಿಗಿ ಹೋದ್ರೆ ಏನು ಮುಳುಗೋದೈತೆ?" ಎಂದರು.

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ನಮ್ಮೂರಿನಿಂದ ಆ ಸಂಘ ಸೇರಿದ್ದವನು ಬೀರಜ್ಜ ಒಬ್ಬನೇ, ಅದೂ ಅವನು ಮನೆ ಬಿಟ್ಟ ವರ್ಷವೇ. ಅದರ ಕಟ್ಟಳೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದ್ದು ಬಂದವರ ಹೆಸರನ್ನೂ ಪೇಪರಿನಲ್ಲಿ ಹಾಕುತ್ತಿದ್ದರಂತೆ, ಆದರೆ ಸಣ್ಣ ಅಕ್ಷರದಲ್ಲಿ, ಮೂಲೆಯಲ್ಲಿ, ಅದೂ ಜಾಗವಿದ್ದರೆ. ಬೇರೆ ತಾಲ್ಲೂಕಿನ ಶಾಖೆಯಲ್ಲೂ ಹೊಸ ಹುರಿ ಪಡೆಯಬಹುದಿತ್ತು. ಬೀರಪ್ಪನ ಊಟ ಉಂಡ ನೆನಪು ಮಾತ್ರ ಮೇಷ್ಟರಿಗೆ ಇರಲಿಲ್ಲ.

ಪ್ರೆಸ್ಸಿಗೆ ಓಡಿಬಂದು ಮುಂದಿನ ವರ್ಷದ ಸಂಪುಟ ಕೇಳಿದರೆ ಅದು ಇಲ್ಲ. ಕೋಣೆಯಲ್ಲಿ ಜಾಗ ಸಾಲದೆ ನಾಲ್ಕೈದು ವರ್ಷದ ಪತ್ರಿಕೆಗಳನ್ನು ಎಡಿಟರು ಹೊಸದುರ್ಗದ ತಮ್ಮ ಷಡ್ಡಕನ ಕಿರಾಣಿ ಅಂಗಡಿಗೆ ದಾನ ಮಾಡಿದ್ದರು. ಚರಿತ್ರೆಯೆಲ್ಲ ಪೊಟ್ಟಣವಾಗುವ ಮೊದಲು ಹೊಸದುರ್ಗಕ್ಕೆ ಹೋಗಿ ತಲುಪಿದೆ. ಅಂಗಡಿಯವರು ಒಳ್ಳೆಯವರೇ, ಆದರೆ ಒಂದು ಷರತ್ತು ಹಾಕಿದರು. ಓದಿ ಮುಗಿಸಿದ ಹಾಳೆಯನ್ನು ನಾನೇ ಹರಿದು ಪೊಟ್ಟಣ ಕಟ್ಟಿಕೊಡಬೇಕು. ಹೀಗೆ ನಾನು ಒಣಮೆಣಸಿನಕಾಯಿ ಮೂಟೆಯ ಮೇಲೆ ಕೂತು, ಸೀನುತ್ತಾ, ಓದುತ್ತಾ, ಶಂಖದಾಕಾರದ ಪೊಟ್ಟಣ ಸುತ್ತುತ್ತಾ ಎರಡು ಶನಿವಾರ ಕಳೆದೆ.

ಎರಡನೇ ಶನಿವಾರ ಒಬ್ಬ ಮುದುಕಿ ಕೊತ್ತಂಬರಿ ಬೀಜ ಕೊಂಡು ಮೆಟ್ಟಿಲಿಳಿದಳು. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ, ನಾನು ಆಗಷ್ಟೇ ಸುತ್ತಿದ ಹಾಳೆಯ ಮೂಲೆಯಲ್ಲಿ ಹಿರಿಯೂರು ಎಂದು ಏನೋ ಇತ್ತಲ್ಲ ಎಂದು ತಲೆಗೆ ಹೊಳೆಯಿತು. ಪ್ರೂಫ್ ತಿದ್ದುವಾಗಲೂ ನನ್ನ ತಲೆ ಹೀಗೇ, ಕಣ್ಣು ಓದಿದ್ದು ಅದಕ್ಕೆ ಮುಟ್ಟಲು ಒಂದು ಗಳಿಗೆ ಬೇಕು. ಬೀದಿಯಲ್ಲಿ ಓಡಿ ಅವಳ ಪೊಟ್ಟಣಕ್ಕೆ ಕೈ ಹಾಕಿದೆ. ಕೊತ್ತಂಬರಿ ಎಲ್ಲಿ ಹಾಕಿಕೊಳ್ಳಲಿ ಎಂದು ಅವಳು ಜಗಳಕ್ಕೆ ನಿಂತಳು. ನನ್ನ ಕರವಸ್ತ್ರ ಹಾಸಿ, ಬೀಜವನ್ನೆಲ್ಲ ಅದಕ್ಕೆ ಸುರಿದುಕೊಟ್ಟು, ಕಾಗದ ಬಿಚ್ಚಿ ಓದಿದೆ. ಸಂಘದ ಹಿರಿಯೂರು ಶಾಖೆಯಲ್ಲಿ ಹುರಿ ಮರಳಿ ಪಡೆದವರು ಎಂದು ಕೆಳಗೆ ಒಂದೇ ಹೆಸರು. ಬೀರಪ್ಪ, ನಮ್ಮೂರಿನ ಹೆಸರು, ಸದ್ಯ ಮಾರಿಕಣಿವೆ. ರಸ್ತೆಯ ಮಧ್ಯೆ ನಿಂತು ಅತ್ತೆ. ಮುದುಕಿ ಹೆದರಿ, ಕರವಸ್ತ್ರ ವಾಪಸು ಕೊಡುತ್ತೇನೆ ಬಿಡವ್ವ ಎಂದಳು.

ಅಜ್ಜಿಗೆ ಹೇಳಲಿಲ್ಲ. ಆಗ ಬದುಕಿದ್ದವನು ಈಗ ಇರಬೇಕಲ್ಲ, ಇಲ್ಲದಿದ್ದರೆ ಅವಳಿಗೆ ಅದು ಎರಡನೇ ಸಾವು. ಅಪ್ಪನನ್ನು ಮಾತ್ರ ಕರೆದುಕೊಂಡು ಬಸ್ಸಿನಲ್ಲಿ ಹಿರಿಯೂರಿಗೆ, ಅಲ್ಲಿಂದ ಮಾರಿಕಣಿವೆಗೆ ಹೋದೆ. ದಾರಿಯುದ್ದಕ್ಕೂ ಅಪ್ಪ ಹೆಗಲಿನ ಟವೆಲನ್ನು ಬಿಚ್ಚುವುದು ಮಡಿಸುವುದು ಮಾಡುತ್ತಿದ್ದರು. ಬೀರಪ್ಪನ ಮನೆ ಕೇಳಿದಾಗ ಯಾವ ಬೀರಪ್ಪ ಎಂದು ಯಾರೂ ಕೇಳಲಿಲ್ಲ. ನೀರಿನ ಅಂಚಿನಲ್ಲಿ ಕವುಚಿ ಹಾಕಿದ ಹರಿಗೋಲಿನ ನೆರಳಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಮುದುಕನತ್ತ ಕೈ ತೋರಿಸಿದರು. ಕುರಿಗಾರನ ಮಗ ಮೀನುಗಾರನಾಗಿ ಕೂತಿದ್ದ. ಮೂಗು ಮಾತ್ರ ಅಜ್ಜಿಯದೇ.

ಅಪ್ಪ ತಾವು ಯಾರೆಂದು ಹೇಳಿದರು. ಮುದುಕ ತಲೆ ಎತ್ತಿ ನೋಡಿ, ಎಲೆಅಡಿಕೆ ಚೀಲ ಬಿಚ್ಚಿ, ಮಡಿಕೆಗಳಲ್ಲಿ ತೂತು ಬಿದ್ದ ಒಂದು ಚೂರು ಕಾಗದ ತೆಗೆದ. ಅವನ ಶ್ರದ್ಧಾಂಜಲಿ.

"ನಿಮ್ಮವ್ವ ಹಾಕಿಸಿದ್ದು" ಎಂದ. "ಒಯ್ದಿದ್ರೆ ಆಗ್ತಿತ್ತು ಅಂದ್ಲು, ಸರಿ, ಸಿಟ್ಟು ಅಂದ್ಕಂಡೆ. ನೀರು ಇಳಿದು ಇಲ್ಲಿ ಹುಲ್ಲು ಬಂದಿತ್ತು, ಕುರಿ ತಂದೆ. ಇಲ್ಲಿದೀನಿ, ಸಂಘಕ್ಕೂ ಅಕ್ಕಂಗೂ ಹೇಳು ಅಂತ ಕರಿಯಣ್ಣನ ತಾವ ಹೇಳಿ ಕಳಿಸ್ದೆ. ಹೇಳಿ ಕಳಿಸಿದೋನ್ನ ಸಂಘದೋರು ಸಾಯ್ಸಲ್ಲ, ಅವಳೇ ಪೇಪರ್‌ನಾಗ ಸಾಯಿಸಿದ್ಲಲ್ಲ, ಇನ್ಯಾವ ಮುಖ ಇಟ್ಕಂಡು ಹೋಗ್ಲಿ?"

ಕರಿಯಣ್ಣ ಎಂದೊಡನೆ ನನಗೆ ಪ್ರೆಸ್ಸಿನ ಪುಟ ಕಣ್ಣಿಗೆ ಕಟ್ಟಿತು. ಆ ಮಹಾರಾಯನೂ ನಾಲ್ಕು ವಾರಕ್ಕೆ ಸತ್ತವರ ಪಟ್ಟಿ ಸೇರಿದ್ದನಲ್ಲ. ಹೊಳಲ್ಕೆರೆಗೆ ಹೋಗುತ್ತೇನೆಂದು ಹೊರಟವನು ಹುಲ್ಲಿನ ವಾಸನೆ ಹಿಡಿದು ಆಂಧ್ರದ ಕಡೆಗೆ ತಿರುಗಿ, ಎಂಟು ತಿಂಗಳ ಮೇಲೆ ಬಂದು, ತನ್ನ ಎದ್ದು ಬಂದವರ ಊಟ ಹಾಕಿದನೆಂದು ರುದ್ರಪ್ಪ ಮೇಷ್ಟರಿಂದ ಆಮೇಲೆ ತಿಳಿಯಿತು. ಬೀರಪ್ಪನ ಮಾತು ಅಷ್ಟರಲ್ಲಿ ಮರೆತಿದ್ದ. ಅಲ್ಲಿ ಹರಿಗೋಲಿನ ನೆರಳಿನಲ್ಲಿ ನಾನು ಕರಿಯಣ್ಣನೂ ಪಟ್ಟಿ ಸೇರಿದ್ದರಿಂದ ಅವನ ಮಾತು ಮುಟ್ಟಿರಲಾರದು, ಮೂರು ಅಮಾವಾಸ್ಯೆಯ ಕಟ್ಟಳೆಯೇ ಅವನನ್ನು ಸಾಯಿಸಿದ್ದು ಎನ್ನುವುದನ್ನೂ, ಅಚ್ಚಿನ ಮೊಳೆಗಳ ವಿಷಯವನ್ನೂ ಬಿಡಿಸಿ ಹೇಳಿದೆ. ಅಜ್ಜಿ ಏನನ್ನೂ ಹಾಕಿಸಿಲ್ಲ, ತನ್ನ ನಾಲಗೆಯೇ ತಮ್ಮನನ್ನು ಕೊಂದಿತೆಂದು ಮೂವತ್ತು ವರ್ಷದಿಂದ ಕೊರಗುತ್ತಿದ್ದಾಳೆ ಎಂದೆ. ಬೀರಜ್ಜ ಬಲೆಯ ಕಣ್ಣಿಗೆ ಬೆರಳು ಸಿಕ್ಕಿಸಿಕೊಂಡು ಕೂತ. ಅಷ್ಟರಲ್ಲಿ ಚಹಾ ತಂದ ಅವನ ಹೆಂಡತಿ ಗಂಗಮ್ಮ, ಎಂದೂ ಯಾರ ಮೇಲೂ ಕೈಯೆತ್ತದವರು ಅನ್ನೋ ಸಾಲಿಗಾದರೂ ಅನುಮಾನ ಬರಬೇಕಿತ್ತು ಇವರಿಗೆ ಎಂದಳು. ಎಲ್ಲರೂ ನಕ್ಕೆವು, ಅವನೂ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

ಪ್ರತಿವರ್ಷ ನಿನಗೊಂದು ಎಲೆ ಹಾಕುತ್ತಾಳೆ ಎಂದರು ಅಪ್ಪ. ಎಲೆಗೆ ಏನೇನು ಬಡಿಸುತ್ತಾಳೆ ಎಂದು ಕೇಳಿದ. ಮುದ್ದೆ, ಹುರುಳಿ ಸಾರು, ಬೀಡಿ, ಟವೆಲು ಎಂದೆವು. ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತಂತೆ. ಟವೆಲುಗಳೆಲ್ಲ ಎಲ್ಲಿ ಎಂದಾಗ ಅಪ್ಪ ಹೆಗಲ ಮೇಲಿನದನ್ನು ನಿಧಾನವಾಗಿ ಬೆನ್ನ ಹಿಂದಕ್ಕೆ ಸರಿಸಿದರು. ಬರುತ್ತೇನೆ ಎಂದಾಗಲೀ ಬರುವುದಿಲ್ಲ ಎಂದಾಗಲೀ ಅವನು ಹೇಳಲಿಲ್ಲ. ಹಬ್ಬಕ್ಕೆ ಎಷ್ಟು ದಿನ ಇದೆ ಎಂದು ಮಾತ್ರ ಕೇಳಿದ. ಹನ್ನೆರಡು ದಿನವಿತ್ತು.

ಸುದ್ದಿ ಹೇಳಿದಾಗ ಅಜ್ಜಿ ಅಳಲಿಲ್ಲ. ಗೋಡೆಗೆ ಒರಗಿ ಕೂತು, ಅವನಿಗೆ ಹಲ್ಲು ಎಷ್ಟು ಉಳಿದಿವೆ ಎಂದು ಕೇಳಿದಳು. ಈಗಲೇ ಮಾರಿಕಣಿವೆಗೆ ಹೋಗೋಣ ಎಂದು ಅಪ್ಪ ಹೊರಡಿಸಲು ನೋಡಿದರು. ಹೋದವನು ಅವನು, ಬರಬೇಕಾದವನೂ ಅವನೇ ಎಂದು ಹಟ ಹಿಡಿದು ಕೂತಳು. ಆದರೆ ಆ ಹನ್ನೆರಡು ದಿನವೂ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವಳಿಗೆ ಹಟ್ಟಿಯ ಬಾಗಿಲಲ್ಲಿ ಏನಾದರೂ ಕೆಲಸ ಬೀಳುತ್ತಿತ್ತು.

ಅಮಾವಾಸ್ಯೆಯ ದಿನ ಬೆಳಗಿನ ಬಸ್ಸಿಗೆ ಅವನು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಡುಗೆಯಾಯಿತು. ಅಜ್ಜಿ ತೊಲೆಯ ಮೇಲಿನ ಕರಿ ಕಂಬಳಿಯನ್ನು ಇಳಿಸಿ, ಕೊಡವಿ, ಗೋಡೆಯ ಪಕ್ಕದ ಜಾಗದಲ್ಲಿ ಹಾಸಿ, ಅದರ ಮುಂದೆ ಬೀರಜ್ಜನ ಎಲೆ ಹಾಕಿದಳು. ಬದುಕಿರುವವನಿಗೆ ಎಡೆ ಇಡುವುದು ಅಪಶಕುನ ಎಂದು ಅಮ್ಮ ಅಂದಳು.

"ಬಂದ್ರೂ ಅವನ್ದೇ, ಬರ್ದಿದ್ರೂ ಅವನ್ದೇ, ಹಾಕು ಸುಮ್ನೆ" ಎಂದಳು ಅಜ್ಜಿ. ಆ ವರ್ಷ ಉಪ್ಪಿನ ಮಾತು ಅವಳ ಬಾಯಲ್ಲಿ ಬರಲಿಲ್ಲ.

ಬಾಗಿಲು ಮುಚ್ಚಿ ಎಲ್ಲರೂ ಅಂಗಳದಲ್ಲಿ ನಿಂತೆವು. ಆಗ ಬೀದಿಯ ತಿರುವಿನಲ್ಲಿ ಬೀರಜ್ಜ ಕಾಣಿಸಿದ. ಹೊಸ ಪಂಚೆ, ಕೈಯಲ್ಲೊಂದು ಚೀಲ, ಹಿಂದೆ ಗಂಗಮ್ಮ. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ಮಾತಾಡಬೇಕೆಂಬುದೇ ಇಬ್ಬರಿಗೂ ತೋಚದಂತಿತ್ತು. ಕೊನೆಗೆ ಅವನು ನನ್ನ ಕಡೆ ತಿರುಗಿ, ನನ್ನ ಎಲೆ ಎಲ್ಲಿ ಎಂದು ಕೇಳಿದ. ನಾನು ಮುಚ್ಚಿದ ಬಾಗಿಲು ತೋರಿಸಿದೆ. ಅವನು ಚಪ್ಪಲಿ ಬಿಟ್ಟು, ಬಾಗಿಲು ತೆರೆದು ಒಳಗೆ ಹೋಗಿ, ಪದ್ಧತಿಯಂತೆ ಅದನ್ನು ಮತ್ತೆ ಮುಚ್ಚಿಕೊಂಡ.

ಇಪ್ಪತ್ತೆರಡು ವರ್ಷದ ನಾನು, ಬಿ.ಎ. ಪಾಸಾದವಳು, ನಾಚಿಕೆ ಬಿಟ್ಟು ಬಾಗಿಲಿಗೆ ಕಿವಿ ಹಚ್ಚಿದೆ. ಅಜ್ಜಿಯೂ ಬಂದು ನನ್ನ ಪಕ್ಕದಲ್ಲಿ ಕಿವಿ ಹಚ್ಚಿದಳು. ಒಳಗೆ ಸಾರು ಸೊರ್ ಎಂದು ಎಳೆಯುವ ಸದ್ದು. ಆಮೇಲೆ ದನಿ.

"ಅಕ್ಕಾ, ಸಾರಿಗೆ ಉಪ್ಪು ಕಮ್ಮಿ ಐತೆ."

ಅಪ್ಪ ಕೆಮ್ಮುವವರೆಗೂ ಬಾಗಿಲು ತೆರೆಯಬಾರದು ಎನ್ನುವ ಕಟ್ಟಳೆಯನ್ನು ಆ ಮನೆಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ನಡೆಸಿಕೊಂಡು ಬಂದವಳು ಅಜ್ಜಿಯೇ. ಆವತ್ತು ಅವಳು ಅಂಗಳದ ಮೂಲೆಯ ಒಲೆಯ ಕಡೆ ಹೋಗಿ, ಉಪ್ಪಿನ ಮಡಕೆಯನ್ನೇ ಎತ್ತಿಕೊಂಡು ಬಂದು, ಭುಜದಿಂದ ಬಾಗಿಲು ನೂಕಿದಳು. "ಮೂವತ್ತು ವರ್ಷದಿಂದ ಉಂಡ್ಕಂಡು, ಈಗ ಹೇಳ್ತೀಯೇನೋ ಬೀರಾ?" ಎನ್ನುತ್ತಾ ಒಳಗೆ ಹೋದಳು.